ಹಾಲಿನಿಂದ ಸೆಳೆದದ್ದು

ಎರಡು ಸಾವಿರದ ಐವತ್ತೆಂಟರ ಮಾಘ. ಆರೋಗ್ಯ ಕೇಂದ್ರದ ಎದುರಿನ ಕಣದಲ್ಲಿ ಹೊತ್ತೇರುವ ಮೊದಲೇ ಮೆಣಸಿನಕಾಯಿ ಹರವಿ ಹೆಂಗಸರು ಕೈಯಾಡಿಸುತ್ತಿದ್ದರು. ಒಳಗೆ ಮೇಜಿನ ಮೇಲೆ ಅಂಗೈಯಗಲದ ಸೆಳೆಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದರೊಳಗೆ ಬಾಣಂತಿ ಸಿಂಚನಾಳ ಎದೆಹಾಲಿನ ಒಂದು ಹನಿ ಇತ್ತು.

ನಿನ್ನೆಯಿಂದ ಕೂಸು ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ. ಎದೆಗೆ ಹಚ್ಚಿದರೆ ಎರಡು ಗುಟುಕು ಎಳೆದು ಜೋತುಬೀಳುತ್ತಿತ್ತು.

"ಬಾಣಂತಿ ಏನಾರ ಗುಳಿಗಿ ತಗೊಂತಾಳೇನ್ರಿ?" ಎಂದು ಡಾಕ್ಟರ್ ಫರ್ಹಾನಾ ಕೇಳಿದಾಗ ಉತ್ತರ ಕೊಟ್ಟವಳು ಅತ್ತೆ ದ್ರಾಕ್ಷಾಯಿಣಿ.

"ಗುಳಿಗಿ ಎಲ್ಲೀದ್ರಿ ಮೇಡಂ? ತವರಿನ ಅಂಟಿನುಂಡಿ, ನನ್ನ ಕೈಯಾಗಿನ ಗಂಜಿ. ಒಂದ ಉಂಡಿ ಸಾಕು ಅಂತಾಳ. ಮೈ ನೋಡ್ರಿ, ಕಟಗಿ ಆಗೇತಿ. ನಾನ ಕುಂತು ಮೂರು ತಿನ್ನಸ್ತೀನಿ."

ಸಿಂಚನಾ ತಲೆ ಎತ್ತಲಿಲ್ಲ. ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಮೂರ್ಛೆರೋಗ. ಮದುವೆಯ ಮಾತಿನಲ್ಲಿ ತವರಿನವರು ಅದನ್ನು ಎತ್ತಿರಲಿಲ್ಲ. ಗಂಡನ ಮನೆಯಲ್ಲಿ ಬಾಣಂತಿಯನ್ನು ಗಳಿಗೆಯೂ ಒಂಟಿ ಬಿಡುವುದಿಲ್ಲ, ಗುಳಿಗೆ ನುಂಗುವುದೆಲ್ಲಿ? ಹೆರಿಗೆಯ ನಂತರ ಅವಳನ್ನು ಕಳಿಸಿಕೊಡುವಾಗ ತಾಯಿ ಗುಳಿಗೆ ಕುಟ್ಟಿ ಒಂದೊಂದು ಉಂಡೆಗೆ ಒಂದು ದಿನದ ಪಾಲು ಬೆರೆಸಿ ಕಟ್ಟಿದ್ದಳು. ತಾಯಿಯ ಲೆಕ್ಕದಲ್ಲಿ ಅತ್ತೆಯ ಅಕ್ಕರೆ ಇರಲಿಲ್ಲ. ಹೆಚ್ಚಿನ ಉಂಡೆ ಬೇಡವೆಂದರೆ ಯಾಕೆಂದು ಹೇಳಬೇಕಿತ್ತು.

ಪೆಟ್ಟಿಗೆಯನ್ನು ರೂಪಿಸಿದವಳು ಫರ್ಹಾನಾಳೇ. ಒಂದು ಬದಿಗೆ ಹಾಲು, ಇನ್ನೊಂದು ಬದಿಗೆ ಶುದ್ಧ ನೀರು, ನಡುವೆ ಎಣ್ಣೆ ಹೀರಿದ ತೆಳುಪೊರೆ. ವಿದ್ಯುತ್ತು ಹಾಯಿಸಿದರೆ ವಿದ್ಯುದಂಶ ಹೊತ್ತ ಔಷಧದ ಕಣಗಳು ಎಣ್ಣೆಯನ್ನು ದಾಟಿ ನೀರಿಗೆ ಬರುತ್ತವೆ; ಹಾಲಿನ ಕೊಬ್ಬು ಇದ್ದಲ್ಲೇ ಉಳಿಯುತ್ತದೆ. ಬಂದದ್ದನ್ನು ಪೆಟ್ಟಿಗೆ ಗುರುತಿಸುತ್ತದೆ. ಹಿಂದೆ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ಕಾಯುತ್ತಿದ್ದ ಕೆಲಸ ಈಗ ಕೂತ ಜಾಗದಲ್ಲೇ ಮುಗಿಯುತ್ತಿತ್ತು.

ಗುಂಯ್ ಸದ್ದು ನಿಂತಿತು. ಪರದೆ ಖಾಲಿ.

ಸಿಂಚನಾಳ ಉಸಿರು ಸಡಿಲಾಯಿತು. ಹಾಗೆ ಸಡಿಲಾದದ್ದಕ್ಕೇ ನಾಚಿಕೆಯಾಯಿತು.

"ನಾ ಹೇಳಲಿಲ್ಲೇನ್ರಿ? ದೃಷ್ಟಿ ಆಗೇತಿ," ದ್ರಾಕ್ಷಾಯಿಣಿ ಸೆರಗು ಕೊಡವಿ ಎದ್ದಳು. "ನಡಿಯವ್ವ."

"ತಡೀರಿ. ಭಾಳಷ್ಟು ಔಷಧ ಋಣಧ್ರುವದ ಕಡೆ ಓಡ್ತಾವ. ಕೆಲವು ಉಲ್ಟಾ, ಧನಧ್ರುವದ ಕಡೆ. ಧ್ರುವ ಅದಲು ಬದಲು ಮಾಡಿದ್ರ ಅವೂ ಸಿಗ್ತಾವ." ಫರ್ಹಾನಾ ಸಿಂಚನಾಳನ್ನೇ ನೋಡಿದಳು. "ಹಾಲು ನಿಮ್ಮದು. ನೀವು ಹೂಂ ಅನ್ನಬೇಕು."

"ಆಕಿನ್ನೇನು ಕೇಳ್ತೀರಿ? ಮಾಡ್ರಿ."

ಫರ್ಹಾನಾಳ ಕೈ ಅಲುಗಲಿಲ್ಲ.

ಬೇಡವೆಂದರೆ ಮನೆ ಉಳಿಯುತ್ತದೆ. ಸಿಂಚನಾ ಕೂಸಿನ ಅಂಗಾಲಿಗೆ ಉಗುರು ತಾಗಿಸಿದಳು. ಕೂಸು ಕಾಲು ಎಳೆದುಕೊಳ್ಳಲಿಲ್ಲ.

"ತಿರುಗಿಸ್ರಿ."

ಮತ್ತೆ ಗುಂಯ್ ಸದ್ದು. ಈ ಸಲ ಪರದೆಯ ಮೇಲೆ ಅಕ್ಷರ ಮೂಡಿದವು. ಫರ್ಹಾನಾ ಓದಿ ಪರದೆಯನ್ನು ಸಿಂಚನಾಳ ಕಡೆ ಹೊರಳಿಸಿದಳು.

"ಫಿಟ್ಸಿನ ಗುಳಿಗಿ ಅತ್ತೀ," ಸಿಂಚನಾ ಹೇಳಿದಳು. "ನಂದು. ಉಂಡ್ಯಾಗ ಐತಿ. ದಿನಕ್ಕ ಒಂದ ತಿನ್ನೋದಿತ್ತು."

ದ್ರಾಕ್ಷಾಯಿಣಿ ಮತ್ತೆ ಕೂತು ಕೂಸಿನ ತಲೆ ಮುಟ್ಟಿದಳು. "ಹಂಗಾದ್ರ ಕೂಸಿಗೆ ನಾನ..."

"ಈಗ ದೊಡ್ಡ ದವಾಖಾನಿಗೆ ಕಳಸ್ತೀನಿ, ಉಸಿರಾಟ ನೋಡ್ಕೊಂತಾರ," ಎಂದಳು ಫರ್ಹಾನಾ. "ವ್ಯಾಳ್ಯಾಕ್ಕ ಬಂದೀರಿ, ಉಳೀತೈತಿ. ಅವರು ಹೇಳೋತನ ಈ ಹಾಲು ಬ್ಯಾಡ. ಆದ್ರ ತಾಯಿ ಗುಳಿಗಿ ಒಮ್ಮೆಲೆ ಬಿಡಬಾರದು, ಫಿಟ್ಸ್ ಬರ್ತೈತಿ."

ಅವಳು ಆಂಬುಲೆನ್ಸ್‌ಗೆ ಫೋನ್ ಮಾಡಲು ಪಕ್ಕಕ್ಕೆ ಹೋದಳು.

"ಒಂದು ಮಾತು ಹೇಳಿದ್ರ ನಾ ತಿನ್ನಸ್ತಿದ್ನೇನ?" ದ್ರಾಕ್ಷಾಯಿಣಿ ಕೇಳಿದಳು.

"ಹೇಳಿದ್ರ ನನ್ನ ಮನಿ ತುಂಬಿಸ್ಕೊಂತಿದ್ರೇನ್ರಿ?"

ಅತ್ತೆ ಕೂಸಿನ ಅಂಗಾಲು ಉಜ್ಜತೊಡಗಿದಳು. ಹೊರಗೆ ಒಣಗಿದ ಕಾಯಿಯ ಸದ್ದು ಗಿಲಗಿಲ ಕೇಳುತ್ತಿತ್ತು.

ಸುದ್ದಿ ತಿಳಿದು ಹೊಲದಿಂದ ಓಡಿಬಂದ ಸಿಂಚನಾಳ ಗಂಡ ಸಮರ್ಥ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ. "ಕೂಸಿಗೆ ಏನಾಗೇತಂತ ಅವ್ವಾ?"

ದ್ರಾಕ್ಷಾಯಿಣಿ ಕೂಸನ್ನು ಮಡಿಲಿಗೆ ಎಳೆದುಕೊಂಡಳು. "ನನ್ನ ಕೇಳಬ್ಯಾಡ. ನಿನ್ನ ಹೇಣ್ತಿ ಹೇಳ್ತಾಳ. ಪೂರ್ತಿ ಕೇಳು."

ಸಿಂಚನಾ ಗೋಡೆ ಹಿಡಿದು ಎದ್ದಳು. ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದ ಇನ್ನೊಬ್ಬ ಈಗ ಹೊಸ್ತಿಲ ಮೇಲೆ ನಿಂತಿದ್ದ.