ನಾಲ್ಕು ಪಟ್ಟಿ ಟೇಪು

ಕೆಟಲಿನ ತಳ ಬಿಚ್ಚಿಕೊಂಡು ಕುಳಿತಿದ್ದ ಎಲ್ರಾಯ್‌ಗೆ, ಎದುರಿನ ಸ್ಟೂಲಿನ ಮೇಲಿದ್ದ ಬಾರೆಂಡ್ ಅಂಕಲ್ ಮಾತು ಅರ್ಧವಷ್ಟೇ ಕೇಳಿಸುತ್ತಿತ್ತು. ಉಳಿದರ್ಧ ಮನಸ್ಸು ರೂಡೆಪಾನ್ ಬಡಾವಣೆಯ ಹಸಿರು ಗೇಟಿನ ಮನೆಯಲ್ಲಿತ್ತು.

"ಮರ್ಲೀಸ್ ಮನೆ ಹಾವಿಗೆ ಹೀಟರ್ ಸರಿ ಮಾಡಿಕೊಟ್ಟೆಯಂತೆ?"

"ಹೂಂ ಅಂಕಲ್, ನಿನ್ನೆ. ಬಿಸಿ ಅಳೆಯೋ ಸೆನ್ಸರ್‌ನ ಹಾವು ದಿನಾ ಎಬ್ಬಿಸಿ ಹಾಕ್ತಿತ್ತಂತೆ. ಗಟ್ಟಿಯಾಗಿ ಅಂಟಿಸಿ ಬಂದೆ."

"ಯಾವುದರಲ್ಲಿ ಅಂಟಿಸಿದೆ?"

"ಟೇಪಲ್ಲಿ."

ಬಾರೆಂಡ್ ಅಂಕಲ್ ಮೂವತ್ತು ವರ್ಷ ಹಾವು ಸಾಕಿದವರು. ಬಾಯಿಗೆ ಒಯ್ಯುತ್ತಿದ್ದ ರಸ್ಕನ್ನು ಹಾಗೇ ಕೆಳಗಿಟ್ಟರು. "ಗಾಜಿನ ಟ್ಯಾಂಕಿನ ಹೊರಗಡೆ ತಾನೆ?"

ಎಲ್ರಾಯ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಒಳಗಡೆ, ಅಂಕಲ್."

"ಅಂಟಿದ್ದನ್ನ ಕಿತ್ಕೊಳ್ಳೋಕೆ ಹಾವಿಗೆ ಕೈಯಿದೆಯೇನೋ ಮಗನೇ? ಹೊರಳಿದಷ್ಟೂ ಸುತ್ಕೊಳ್ಳತ್ತೆ. ಎಳೆದರೆ ಚರ್ಮಾನೂ ಜೊತೇಲಿ ಬರತ್ತೆ. ಏಳು, ಓಡು. ನನ್ನ ಚಹಾ ನಾಳೆ ಕುಡಿದರಾಯ್ತು."

ಗಾಡಿ ಹತ್ತುವ ಮೊದಲು ಮರ್ಲೀಸ್‌ಗೆ ಎರಡು ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಜುಲೈ ಎಂದರೆ ಕಿಂಬರ್ಲಿಯಲ್ಲಿ ನಡು ಚಳಿಗಾಲ; ಕಿಟಕಿಯ ಗಾಜು ಏರಿಸುವುದನ್ನೂ ಮರೆತು ಗಾಡಿ ಓಡಿಸಿದ.

ರೇಡಿಯೋ, ಇಸ್ತ್ರಿಪೆಟ್ಟಿಗೆ, ಟಿವಿ ರಿಪೇರಿ ಮಾಡುವವನಿಗೆ ಟೇಪೇ ಮೂರನೆಯ ಕೈ. ಸಡಿಲವಾದದ್ದು ಕಂಡರೆ ಯೋಚಿಸುವ ಮೊದಲೇ ಬೆರಳು ಟೇಪು ಹರಿದಿರುತ್ತದೆ. ಆದರೆ ನಿನ್ನೆಯ ತಪ್ಪಿಗೆ ಅಭ್ಯಾಸವೊಂದೇ ಕಾರಣವಲ್ಲ ಎಂದು ಅವನಿಗೆ ಗೊತ್ತಿತ್ತು.

ಎರಡು ಪಟ್ಟಿಗೆ ಕೆಲಸ ಮುಗಿದಿತ್ತು. ಆದರೆ ಮರ್ಲೀಸ್ ಪಕ್ಕದಲ್ಲೇ ಮಂಡಿಯೂರಿ ಟಾರ್ಚ್ ಹಿಡಿದಿದ್ದಳು. ತಂತಿಯ ಮೇಲಿರಬೇಕಾದ ಅವಳ ನೋಟ ಅವನ ಬೆರಳುಗಳ ಮೇಲಿತ್ತು. ಅವನು ತಲೆಯೆತ್ತಿದ್ದೇ ಟಾರ್ಚಿನ ಬೆಳಕು ಒಮ್ಮೆ ಅಲುಗಿ ಗೋಡೆಗೆ ಹೋಯಿತು.

"ಮುಗೀತಾ?" ಎಂದಿದ್ದಳು.

"ಇನ್ನೊಂದು ಹಾಕಿಬಿಡ್ತೀನಿ."

ಹಾಗೆ ಮೂರಾಯಿತು. ಮತ್ತೆ ನಾಲ್ಕಾಯಿತು.

ಆ ಹಾವು ಬರೀ ಹಾವಲ್ಲ. ದಾಲ್ಚಿನ್ನಿ ಚಕ್ಕೆಯ ಬಣ್ಣದ ಪುಟ್ಟ ಹೆಬ್ಬಾವು, ಹೆಸರೂ ಅದೇ, ಅವರ ಭಾಷೆಯಲ್ಲಿ ಕನೇಲ್. ಇಪ್ಪತ್ತೆರಡು ವರ್ಷದ ಹಿಂದೆ ಮರ್ಲೀಸಳ ಅಪ್ಪ ತಂದದ್ದು. ಅಪ್ಪ ತೀರಿಕೊಂಡ ಮೇಲೆ, ಅವರ ಕೈಯ ಬಿಸಿ ಬಲ್ಲ ಜೀವ ಮನೆಯಲ್ಲಿ ಇದೊಂದಿದೆ ಎಂದು ಅವಳೇ ಹೇಳಿದ್ದಳು. ಅದಕ್ಕೇನಾದರೂ ಆದರೆ ಆ ಹಸಿರು ಗೇಟು ತನಗೆ ಇನ್ನು ತೆರೆಯುವುದಿಲ್ಲ ಎಂದುಕೊಂಡ ಎಲ್ರಾಯ್.

ಅಂಗಳದಲ್ಲಿ ಅವಳ ತಾಯಿ ಡೋರಾ ಆಂಟಿ ಬಟ್ಟೆ ಒಣಹಾಕುತ್ತಿದ್ದರು.

"ನಿನ್ನೆ ತಾನೆ ಬಂದಿದ್ಯಲ್ಲೋ. ಇವತ್ತೇನು ಕೆಟ್ಟಿತು?"

"ನನ್ನ ತಲೆ, ಆಂಟಿ. ಮರ್ಲೀಸ್ ಎಲ್ಲಿ?"

ಮರ್ಲೀಸ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಮೊದಲು ಅರಳಿದ ಅವಳ ಮುಖ ಅವನ ಗಾಬರಿ ಕಂಡಿದ್ದೇ ಮಂಕಾಯಿತು.

"ಇವತ್ತು ಹಾವನ್ನ ನೋಡಿದಿರಾ?"

"ಹಗಲಲ್ಲಿ ಅದು ಗೂಡಿನೊಳಗೇ ಮಲಗಿರತ್ತೆ. ಯಾಕೆ?"

ಅವನು ನೇರ ಕೋಣೆಗೆ ಹೋಗಿ ಮೊದಲು ಗೋಡೆಯ ಪ್ಲಗ್ ಕಿತ್ತ. ಅವಳು ಗಾಜಿನ ಪೆಟ್ಟಿಗೆ ತೆರೆದು ತೊಗಟೆಯ ಗೂಡನ್ನು ಮೆಲ್ಲಗೆ ಎತ್ತಿದಳು.

ಕನೇಲ್ ಮುದುಡಿಕೊಂಡಿತ್ತು. ಗದ್ದದ ಕೆಳಗಿಂದ ಕುತ್ತಿಗೆಯವರೆಗೆ ಕಪ್ಪು ಟೇಪು ಮಡಿಸಿ ಅಂಟಿತ್ತು. ಅದರ ತುದಿಯಲ್ಲಿ ಸೆನ್ಸರಿನ ತಂತಿ ಹಗ್ಗದಂತೆ ಬಿಗಿದಿತ್ತು.

ಮರ್ಲೀಸ್ ಗೂಡನ್ನು ಪಕ್ಕಕ್ಕಿಟ್ಟು ಅಂಗಿಯ ತೋಳು ಮಡಚಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಅವನು ತಂತಿಯನ್ನು ಟೇಪಿನಿಂದ ಬಿಡಿಸಿದ. ಅವಳು ಹಾವನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಉಣ್ಣೆಯ ಅಂಗಿಯ ಮಡಿಲಲ್ಲಿ ಇಟ್ಟುಕೊಂಡಳು. "ಅಮ್ಮಾ, ಅಡುಗೆ ಎಣ್ಣೆ ತಾ. ಕಿವಿಗೆ ಹಾಕೋ ಹತ್ತಿ ಕಡ್ಡೀನೂ."

"ನನ್ನ ಎಣ್ಣೆ ಹಾವಿಗಾ?" ಎನ್ನುತ್ತಲೇ ಬಂದ ಡೋರಾ ಆಂಟಿ ಶೀಸೆಯನ್ನೂ ಕಡ್ಡಿಗಳನ್ನೂ ಹೊಸ್ತಿಲ ಆಚೆಗೇ ಇಟ್ಟರು. "ನಾನು ಒಳಗೆ ಬರಲ್ಲ. ನಿಮ್ಮಪ್ಪನ ಕಾಲದಲ್ಲೂ ಬಂದವಳಲ್ಲ."

ಎಲ್ರಾಯ್ ಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಟೇಪಿನ ಅಂಚಿಗೆ ಸವರತೊಡಗಿದ.

"ಬಾಲದ ಕಡೆಗೆ ಬಿಡಿಸಿ," ಎಂದಳು. "ತಲೆ ಕಡೆಗೆ ಎಳೆದರೆ ಹುರುಪೆ ಏಳತ್ತೆ. ಎಳೀಲೇಬೇಡಿ. ಎಣ್ಣೆ ತಾನಾಗೇ ಒಳಗೆ ಇಳೀಲಿ."

ಒಂದು ಅಕ್ಕಿಕಾಳಿನಷ್ಟು ಬಿಟ್ಟಿತು. ಕಾದರು. ಇನ್ನೊಂದು ಅಕ್ಕಿಕಾಳು. ನಾಲ್ಕು ಗಂಟೆಗೆ ಲೋಡ್ ಶೆಡ್ಡಿಂಗ್ ಸರದಿಯ ಪ್ರಕಾರ ಕರೆಂಟು ಹೋಯಿತು. ಇಬ್ಬರೂ ಕಿಟಕಿಯ ಬಿಸಿಲಿಗೆ ಸರಿದರು. ಭುಜಕ್ಕೆ ಭುಜ ತಾಗಿತು. ಸರಿದುಕೊಳ್ಳಲು ಯಾರಿಗೂ ಬಿಡುವಿರಲಿಲ್ಲ.

"ಉಸಿರಾಡ್ತಿದೆಯಾ?" ಎಂದ.

"ಅದು ಆಡ್ತಿದೆ. ನೀವು ಆಡ್ತಿಲ್ಲ."

ಅವನು ಉಸಿರು ಬಿಟ್ಟ. ಆಮೇಲೆ, ಕಣ್ಣು ಟೇಪಿನ ಮೇಲೇ ಇಟ್ಟು ಹೇಳಿದ, "ಎರಡು ಪಟ್ಟಿ ಸಾಕಾಗಿತ್ತು."

"ಏನು?"

"ನಿನ್ನೆ. ಎರಡಕ್ಕೇ ಕೆಲಸ ಮುಗಿದಿತ್ತು. ನಾಲ್ಕು ಹಾಕಿದೆ."

"ಯಾಕೆ?"

"ಎದ್ದು ಹೋಗೋಕೆ ಮನಸ್ಸಿರಲಿಲ್ಲ."

ಮರ್ಲೀಸ್ ಹಾವಿನ ಗದ್ದವನ್ನು ಬಿಸಿಲಿಗೆ ತಿರುಗಿಸಿದಳು. ಬಿಸಿಲು ಅವಳ ಮೊಣಕಾಲಿನಿಂದ ಜಾರಿ ನೆಲಕ್ಕೆ ಇಳಿಯಿತು. ಕೇಳಬಾರದ್ದನ್ನು ಕೇಳಿದಂತೆ ಅವಳ ಕತ್ತು ಕೆಂಪಾಗಿತ್ತು. ಅದು ಸಿಟ್ಟೋ ಮತ್ತೊಂದೋ ಅವನಿಗೆ ತಿಳಿಯಲಿಲ್ಲ. ಕೊನೆಯ ತುಂಡು ಬಿಡುವಾಗ ಗದ್ದದ ಕೆಳಗೆ ಒಂದು ಹುರುಪೆ ಕಿತ್ತು ಬಂದು ಸೂಜಿಮೊನೆಯಷ್ಟು ರಕ್ತ ಕಂಡಿತು.

"ಚರ್ಮ ಹೋಯ್ತು," ಎಂದ ಎಲ್ರಾಯ್.

"ಒಂದೇ ಹುರುಪೆ. ಪೊರೆ ಬಿಟ್ಟಾಗ ಹೊಸದು ಬರತ್ತೆ. ನೋಡಿ."

ಕನೇಲ್ ನಾಲಿಗೆ ಚಾಚಿತು. ಒಮ್ಮೆ ಅವಳ ಮಣಿಕಟ್ಟಿನ ಕಡೆಗೆ, ಒಮ್ಮೆ ಎಣ್ಣೆಯಲ್ಲಿ ನೆಂದ ಅವನ ಹೆಬ್ಬೆರಳಿನ ಕಡೆಗೆ.

ಕರೆಂಟು ಬರುವಷ್ಟರಲ್ಲಿ ಅವನು ಹೀಟರಿನ ಭಾಗಗಳನ್ನೆಲ್ಲ ಗಾಜಿನ ಪೆಟ್ಟಿಗೆಯಿಂದ ಹೊರಗೆ ತಂದಿದ್ದ. ಶಾಖದ ಹಾಳೆ ಗಾಜಿನ ತಳದ ಕೆಳಗೆ, ಹಾಳೆಗೂ ಗಾಜಿಗೂ ನಡುವೆ ಸೆನ್ಸರು, ತಂತಿಗೆ ಮೇಜಿನ ಕಾಲಿನುದ್ದಕ್ಕೂ ಕ್ಲಿಪ್ಪು. ಹಾವಿಗೆ ಎಟಕುವಂಥದ್ದು ಒಂದೆಳೆಯೂ ಉಳಿಯಲಿಲ್ಲ. ಪ್ಲಗ್ ಹಾಕಿ, ಬಿಸಿ ಏರಿ ತಾನಾಗಿ ನಿಲ್ಲುವವರೆಗೂ ಇಬ್ಬರೂ ಅಂಕಿಯನ್ನೇ ನೋಡುತ್ತ ಕುಳಿತರು.

ಹೊರಡುವಾಗ ಅವಳು ಗೇಟಿನವರೆಗೆ ಬಂದಳು. ಕೈ ಚಾಚಿದಳು. "ನಿಮ್ಮ ಬ್ಯಾಗಿನ ಟೇಪು ಕೊಡಿ."

ಕೊಟ್ಟ. ಇಲ್ಲಿಗೆ ಮುಗಿಯಿತು ಎಂದುಕೊಂಡ.

"ಇನ್ನು ಈ ಮನೆಗೆ ಟೇಪು ತರಬಾರದು."

"ತರಲ್ಲ."

"ಬ್ಯಾಗೂ ಬೇಡ. ಏನಾದರೂ ಕೆಡಲಿ ಅಂತ ಕಾಯೋದೂ ಬೇಡ." ಅವಳು ಟೇಪಿನ ಸುರುಳಿಯನ್ನು ಬಳೆಯಂತೆ ಕೈಗೆ ತೊಟ್ಟು ತಿರುಗಿಸಿದಳು. "ಭಾನುವಾರ ಊಟಕ್ಕೆ ಸುಮ್ನೆ ಬನ್ನಿ."

ಅಂಗಳದಿಂದ ಡೋರಾ ಆಂಟಿಯ ದನಿ ಬಂತು. "ಬರುವಾಗ ಒಂದು ಶೀಸೆ ಎಣ್ಣೆ ತರಲಿ."

ಭಾನುವಾರ ಎಲ್ರಾಯ್ ಎಣ್ಣೆ ತಂದು ಆಂಟಿಗೆ ಕೊಟ್ಟ. ಆಮೇಲೆ, ರಿಪೇರಿಗೆ ಇಳಿದ ಹನ್ನೆರಡು ವರ್ಷದಲ್ಲಿ ಮೊದಲ ಸಲ ಯಾರದೋ ಮನೆಯಲ್ಲಿ ಬ್ಯಾಗಿಲ್ಲದೆ ನಿಂತವನಿಗೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಒಂದನ್ನು ಮರ್ಲೀಸ್ ತೆಗೆದುಕೊಂಡಳು.