ಕತ್ತರಿಸಿಟ್ಟ ಮದುಮಗಳು

ಹನ್ನೊಂದು ಗಂಟೆಗೆ ಪೌರತ್ವದ ಸಂದರ್ಶನ. ಒಂಬತ್ತಕ್ಕೆ ಮದುವೆಯ ಆಲ್ಬಮ್ ತೆರೆದರೆ, ಅದರಲ್ಲಿ ಮದುಮಗಳೇ ಇಲ್ಲ!

ಒಂದಲ್ಲ, ಎರಡಲ್ಲ, ಹನ್ನೆರಡು ಫೋಟೊ. ಹನ್ನೆರಡರಲ್ಲೂ ಟೈಲರ್ ತಾನೇ ಹೊಲಿದುಕೊಂಡ ಕೋಟು ತೊಟ್ಟು ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ಹೆಂಡತಿಯ ಆಕಾರದ ತೂತು! ತೂತಿನ ಅಂಚೆಲ್ಲ ಹಲ್ಲು ಹಲ್ಲು. ನೂಲು ಬಿಚ್ಚಿಕೊಳ್ಳದಂತೆ ಬಟ್ಟೆಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸುವ ಕತ್ತರಿ ಆ ಮನೆಯಲ್ಲಿ ಒಂದೇ ಇತ್ತು. ಅದನ್ನು ಮುಟ್ಟುವ ಧೈರ್ಯವೂ ಒಬ್ಬರಿಗೇ ಇತ್ತು.

"ಅಮ್ಮಾ! ಏನಿದು? ಏನು ಮಾಡಿಟ್ಟಿದ್ದೀಯ ನೀನು?" ಟೈಲರ್ ಕೂಗಿದ. ಒಳಗಿನ ಕೋಣೆಯ ಬಾಗಿಲು ತೆರೆಯಲಿಲ್ಲ.

ನಾಲ್ಕು ವರ್ಷದ ಹಿಂದೆ ಮಗ ಒಂದು ಮಾತೂ ಕೇಳದೆ ಬೇರೆ ದೇಶದ ಹುಡುಗಿಯನ್ನು ನೋಂದಣಿ ಕಚೇರಿಯಲ್ಲಿ ಮದುವೆಯಾಗಿ ಬಂದಾಗ ತಾಯಿ ಆಲ್ಬಮ್ ಕಿತ್ತುಕೊಂಡು ಬೀರುವಿಗೆ ಬೀಗ ಹಾಕಿದ್ದರು. ಕೇಳಿದರೆ ಜಗಳ, ಹಾಗಾಗಿ ಯಾರೂ ಕೇಳಿರಲಿಲ್ಲ. ಇವತ್ತು ಬೇರೆ ದಾರಿಯಿಲ್ಲದೆ ಟೈಲರ್ ತಾನೇ ಬೀಗ ತೆಗೆದಿದ್ದ. ಫೋನಿನಲ್ಲಿದ್ದ ಫೋಟೊಗಳು ಹಳೆಯ ಫೋನಿನ ಜೊತೆಗೇ ಮಣ್ಣುಪಾಲಾಗಿದ್ದವು. ಮನೆ, ಅಂಗಡಿ ಎರಡೂ ತಾಯಿಯ ಹೆಸರಿನಲ್ಲಿ. ಬಾಗಿಲಿನ ಹಲಗೆಯ ಮೇಲೂ ಸೊಸೆಯ ಹೆಸರಿಲ್ಲ. ಕಚೇರಿಯ ಪತ್ರವಂತೂ ನಿಷ್ಠುರವಾಗಿತ್ತು. ನೋಂದಣಿ ಪತ್ರವೊಂದೇ ಸಾಲದು, ಮದುವೆಯ ಆಲ್ಬಮ್ ತರಲೇಬೇಕು. ಮದುವೆ ನಿಜವೆಂದು ತೋರಿಸಿದರೆ ಪೌರತ್ವ, ಇಲ್ಲದಿದ್ದರೆ ಮೂವತ್ತು ದಿನದೊಳಗೆ ಹೆಂಡತಿ ದೇಶ ಬಿಡಬೇಕು.

"ರೀ, ಈಗ ಕೂಗಾಡಬೇಡಿ. ಬಸ್ಸಿಗೆ ಹೊತ್ತಾಯ್ತು," ಎಂದಳು ಸೊಸೆ. ಕಣ್ಣು ತುಂಬಿತ್ತು, ಆದರೂ ಅವಳು ನೇರ ಹೋದದ್ದು ಅತ್ತೆಯ ಹೊಲಿಗೆ ಯಂತ್ರದ ಬಳಿಗೆ. ಅತ್ತೆಗೆ ದೃಷ್ಟಿ ಮಂಜಾದಾಗಿನಿಂದ ದಿನವೂ ಮಾಡುವಂತೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿದಳು. ಎಂಟನೆಯದು ಮೂರು ಸಲ ತಪ್ಪಿತು.

"ಇವತ್ತೂ ಬೇಕಾ ಅದು? ನಿನ್ನನ್ನೇ ಕತ್ತರಿಸಿ ಎಸೆದಿದ್ದಾಳೆ!"

"ಸಂಜೆ ಯಾರದೋ ಬಟ್ಟೆ ಕೊಡಬೇಕು ಅಂತಿದ್ರು. ಪಾಪ, ಪರದಾಡ್ತಾರೆ."

ಬಾಗಿಲ ಸಂದಿಯಲ್ಲಿ ಒಂದು ನೆರಳು ಅಲುಗಾಡಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಕಚೇರಿಯಲ್ಲಿ ಟೋಕನ್ ನಂಬರ್ ಮೂವತ್ತೇಳು. ಕನ್ನಡಕದ ಅಧಿಕಾರಿಣಿ ದೇಶದ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಸೊಸೆ ಹತ್ತಕ್ಕೂ ಪಟಪಟನೆ ಉತ್ತರ ಕೊಟ್ಟಳು! ಕಾಜಾ ಹೊಲಿಯುತ್ತ, ಗುಂಡಿ ಹಾಕುತ್ತ ಆರು ತಿಂಗಳು ಬಾಯಿಪಾಠ ಮಾಡಿದ್ದಳು. ಇದೇ ದೇಶದಲ್ಲಿ ಹುಟ್ಟಿದ ಗಂಡನಿಗೆ ಅದರಲ್ಲಿ ನಾಲ್ಕು ಗೊತ್ತಿರಲಿಲ್ಲ. ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡುತ್ತ ಕುಳಿತಿದ್ದ. ಆಗಿಹೋಯಿತು, ಗೆದ್ದೆವು ಎನ್ನುವಷ್ಟರಲ್ಲಿ ಅಧಿಕಾರಿಣಿ ಆಲ್ಬಮ್ ತೆರೆದರು. ಒಂದು ಪುಟ, ಎರಡು ಪುಟ... ಅವರ ಮುಖದ ನಗು ಆರಿತು.

"ಇದರಲ್ಲಿ ನೀವೆಲ್ಲಿದ್ದೀರಿ? ಯಾರು ಕತ್ತರಿಸಿದ್ದು?"

ಟೈಲರ್ ಬಾಯಿ ತೆರೆಯುವ ಮೊದಲೇ ಸೊಸೆ ಅವನ ತೊಡೆ ಚಿವುಟಿದಳು. ಅತ್ತೆಯ ಮಾನವನ್ನು ಸರ್ಕಾರದ ಕಡತದಲ್ಲಿ ಬರೆಸುವುದೆ? ಛೆ!

"ನಾನೇ, ಮೇಡಂ. ಏನೋ ಕೋಪದಲ್ಲಿ..."

"ತನ್ನ ಮದುವೆ ಫೋಟೊದಿಂದ ತನ್ನನ್ನೇ ಯಾರಾದರೂ ಕತ್ತರಿಸಿಕೊಳ್ತಾರಾ? ಯೋಚನೆ ಮಾಡಿ ಹೇಳಿ. ನೀವು ಹೇಳಿದ್ದನ್ನೇ ಬರ್ಕೊಳ್ತೀನಿ."

ಅಷ್ಟರಲ್ಲಿ ಹೊರಗೆ ಗಲಾಟೆ. ಕಾವಲುಗಾರ ಬಾಗಿಲು ತೆರೆದು, "ಮೇಡಂ, ಒಬ್ಬ ಅಮ್ಮ ಬಂದಿದ್ದಾರೆ. ಟೋಕನ್ ಇಲ್ಲ, ಮಾತೂ ಕೇಳಲ್ಲ..." ಎನ್ನುತ್ತಿದ್ದಂತೆ ಅವನ ತೋಳಿನಡಿಯಿಂದ ನುಸುಳಿ ಅತ್ತೆ ಒಳಗೇ ಬಂದುಬಿಟ್ಟರು! ಏದುಸಿರು, ಕಾಲಿಗೆ ಮನೆಯ ಚಪ್ಪಲಿ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

ಅಧಿಕಾರಿಣಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಕೊನೇ ಸಲ ಕೇಳ್ತೀನಿ. ಕತ್ತರಿಸಿದ್ದು ಯಾರು?"

"ನಾನೇ," ಎಂದಳು ಸೊಸೆ, ತಲೆ ತಗ್ಗಿಸಿ.

"ಸುಳ್ಳು! ಇವಳು ಸುಳ್ಳು ಹೇಳ್ತಿದ್ದಾಳೆ!" ಅತ್ತೆಯ ಕೂಗಿಗೆ ಸೊಸೆ ಥಟ್ಟನೆ ತಲೆಯೆತ್ತಿದಳು. "ಕತ್ತರಿಸಿದ್ದು ನಾನು. ಮಗನ್ನ ಇವಳ ದೇಶಕ್ಕೆ ಎಳ್ಕೊಂಡು ಹೋಗ್ತಾಳೆ ಅಂತ ಹೆದರಿದ್ದೆ, ಹೊಟ್ಟೆ ಉರೀತಿತ್ತು. ಬರ್ಕೊಳ್ಳಿ, ನನ್ನ ಹೆಸರೇ ಬರ್ಕೊಳ್ಳಿ!"

ಸೆರಗಿನಡಿಯಿಂದ ಒಂದು ಬಟ್ಟೆಯ ಗಂಟು ಹೊರಬಂತು. ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿತ್ತು. ಉಳಿದ ತುಂಡು ಎಷ್ಟೇ ಚಿಕ್ಕದಿರಲಿ ಎಸೆಯುವಂತಿಲ್ಲ. ಗಂಟು ಕಟ್ಟಿ, ಚೀಟಿ ಚುಚ್ಚಿ, ಬಟ್ಟೆಯ ಜೊತೆ ಗಿರಾಕಿಗೆ ಒಪ್ಪಿಸಬೇಕು. ನಲವತ್ತು ವರ್ಷ ಹಾಗೆ ಮಾಡಿದ ಕೈ ಅಷ್ಟು ಕೋಪದಲ್ಲೂ ರೂಢಿ ತಪ್ಪಿರಲಿಲ್ಲ. ಗಂಟು ಬಿಚ್ಚಿದರೆ ಹನ್ನೆರಡು ಮದುಮಗಳು! ಒಬ್ಬೊಬ್ಬಳನ್ನೇ ಎತ್ತಿ ಅತ್ತೆ ಮಗನ ಪಕ್ಕದಲ್ಲಿಟ್ಟರು. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿತು. ಒಂದರಲ್ಲಿ ಅವಳು ಗಂಡನ ಕಾಲರ್ ಸರಿಮಾಡುತ್ತಿದ್ದಳು, ಅವನು ನಗುತ್ತಿದ್ದ.

"ಬೆಳಗ್ಗೆ ಇದನ್ನ ನೋಡಿದ ಮೇಲೂ ನನಗೆ ಹತ್ತು ಸೂಜಿ ಪೋಣಿಸಿಟ್ಟು ಬಂದಿದ್ದಾಳೆ, ತಾಯಿ! ಒಂದು ಬೈಗುಳ ಇಲ್ಲ... ಬೈದಿದ್ರೆ ಮನೇಲೇ ಕೂತಿರ್ತಿದ್ದೆ! ಇವಳನ್ನ ಕಳಿಸಿದ್ರೆ ನಾಳೆ ನನಗೆ ದಾರ ಪೋಣಿಸೋರು ಯಾರು?" ಮುದುಕಿ ಬಿಕ್ಕಿ ಬಿಕ್ಕಿ ಅತ್ತರು. ಸೊಸೆಯೂ ಅತ್ತಳು. ಟೈಲರ್ ಗಂಡಸು, ಅವನು ಕರವಸ್ತ್ರದಲ್ಲಿ ಮೂಗು ಸೀಟಿದನಷ್ಟೇ.

ಅಧಿಕಾರಿಣಿ ಬಹಳ ಹೊತ್ತು ಕನ್ನಡಕ ಒರೆಸಿದರು. "ನೀವು ಹೇಳಿದ್ದು ಸುಳ್ಳು, ಅದು ತಪ್ಪು. ಆ ಉತ್ತರ ಹೊಡೆದು ನಿಮ್ಮ ಅತ್ತೆ ಹೇಳಿದ್ದನ್ನ ಬರೀತೀನಿ. ಇನ್ನು ಮದುವೆ ವಿಷಯ... ಅತ್ತೆ ಸೊಸೇನ ಇಷ್ಟು ದ್ವೇಷ ಮಾಡಬೇಕಾದರೆ ಮದುವೆ ನಿಜವೇ ಇರಬೇಕು." ಧಡ್ ಎಂದು ಮುದ್ರೆ ಬಿತ್ತು. ಮಂಜೂರು!

ಟೈಲರ್ ಕುರ್ಚಿ ಬೀಳಿಸಿಕೊಂಡು ಎದ್ದ. ಗಂಡ ಹೆಂಡತಿ ಅಧಿಕಾರಿಣಿಗೆ ನಾಲ್ಕು ನಾಲ್ಕು ಸಲ ಕೈಮುಗಿಯುತ್ತಿದ್ದರೆ, ಅತ್ತೆ ಮಾತ್ರ ತುಂಡುಗಳನ್ನು ಒಟ್ಟುಮಾಡಿ ಮತ್ತೆ ಗಂಟು ಕಟ್ಟುತ್ತಿದ್ದರು. ಗಂಟಿಗೆ ಚುಚ್ಚಿದ್ದ ಹಳದಿ ಚೀಟಿಯಲ್ಲಿ ಅಂಗಡಿಯ ಎಲ್ಲ ಚೀಟಿಗಳಂತೆ ಎರಡು ಸಾಲು. 'ಯಾರದು' ಎಂಬಲ್ಲಿ ನಾಲ್ಕು ವರ್ಷದ ಹಿಂದಿನ ಮಾಸಿದ ಅಕ್ಷರದಲ್ಲಿ 'ಸೊಸೆ' ಎಂದಿತ್ತು. ಬಾಯಲ್ಲಿ ಒಂದು ದಿನವೂ ಹಾಗೆ ಕರೆದಿರಲಿಲ್ಲ. 'ಕೊಡುವ ದಿನ' ಎಂಬಲ್ಲಿ ಖಾಲಿ.

"ತಾಯಿ, ಒಂದು ನಿಮಿಷ ಪೆನ್ನು ಕೊಡಿ," ಎಂದು ಅಧಿಕಾರಿಣಿಯಿಂದ ಕೇಳಿ ಪಡೆದರು. ಕಣ್ಣು ಕಿರಿದು ಮಾಡಿ ಆ ಖಾಲಿ ಜಾಗದಲ್ಲಿ ಇವತ್ತಿನ ತಾರೀಖು ಬರೆದು, ಗಂಟನ್ನು ಸೊಸೆಯ ಕೈಗೆ ಕೊಟ್ಟರು.

"ತಡವಾಯ್ತು ಕಣೇ," ಎಂದರು.