ಕ್ಯಾಸೆಟ್ಟಿನ ಕೊನೆಯ ಎರಡು ನಿಮಿಷ

ಔಷಧಿ ಚೀಲದಲ್ಲಿ ಅಪ್ಪನ ಬಿ.ಪಿ. ಮಾತ್ರೆ ಇತ್ತು. ಕ್ಯಾಸೆಟ್ ಇರಲಿಲ್ಲ. ಫೆಲ್ಲಾ ಚೀಲವನ್ನು ಮತ್ತೊಮ್ಮೆ ತಡಕಿದಳು.

ಔಷಧಿ ಅಂಗಡಿಯ ಕೌಂಟರಿನ ಆಚೆ ತೌಫೀಕ್ ಕಣ್ಣಲ್ಲೇ ನಗುತ್ತಿದ್ದ. ಒಂದು ವರ್ಷದಿಂದ ಇಬ್ಬರೂ ಹೀಗೇ ಮಾತ್ರೆಗಳ ಅಡಿಯಲ್ಲಿ ಕ್ಯಾಸೆಟ್ ಅಡಗಿಸಿ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಕಾನ್‌ಸ್ಟಂಟೀನಿನಲ್ಲಿ ಆ ವರ್ಷ, ಹಾಡು ಕೇಳುವುದೇ ಪಾಪ ಎನ್ನುವ ಬಂದೂಕಿನವರು ಎರಡು ಕ್ಯಾಸೆಟ್ ಅಂಗಡಿಗಳನ್ನು ಸುಟ್ಟಿದ್ದರು. ಮೂರನೆಯ ಅಂಗಡಿಯವನು ಬಾಗಿಲ ಸಂದಿಯಲ್ಲಿ ಬೆದರಿಕೆಯ ಚೀಟಿ ಕಂಡ ದಿನವೇ ಊರು ಬಿಟ್ಟಿದ್ದ.

"ಆ ಪಿಟೀಲು ಕೇಳಿದ್ಯಾ?" ಎಂದಳು ಮೆಲ್ಲಗೆ.

"ಕೇಳಿದೆ. ನುಡಿಸೋ ಮುದುಕ ನಡುವೆ ಒಂದ್ಸಲ ಕೆಮ್ತಾನಲ್ಲ, ಅದನ್ನೂ ಕೇಳಿದೆ. ನೀನು ಹೇಳಿದ್ದು ಸರಿ, ಮಾಯಾ ರಾಗಾನ ಹಾಗೆ ಇನ್ಯಾರೂ ನುಡಿಸಿಲ್ಲ."

"ಕೊನೇ ತನಕ ಕೇಳಿದ್ಯಾ?"

"ಖ್ಲಾಸ್ ಮುಗಿಯೋ ತನಕ. ಆಮೇಲೆ ಆಫ್ ಮಾಡಿದೆ. ಇನ್ನೇನಿರತ್ತೆ?"

ಆ ಊರಿನ ಹಳೆಯ ಮಾಲೂಫ್ ಸಂಗೀತ ಕೇಳುವವರೆಲ್ಲ ಹಾಗೆಯೇ. ಓಡುನಡೆಯ ಆ ಕೊನೆಯ ಹಾಡು, ಖ್ಲಾಸ್, ಮುಗಿದರೆ ಕಛೇರಿಯೇ ಮುಗಿದಂತೆ. ಅದು ಗೊತ್ತಿದ್ದೇ ಅವಳು ಅದರಾಚೆಯ ಖಾಲಿ ಟೇಪಿನಲ್ಲಿ ತನ್ನ ಮನಸ್ಸನ್ನು ಹೇಳಿಕೊಂಡಿದ್ದಳು. ಕೇಳಿದರೆ ಕೇಳಲಿ, ಇಲ್ಲದಿದ್ದರೆ ತಾನು ಹೇಳಲೇ ಇಲ್ಲ ಅಂದುಕೊಂಡರಾಯಿತು ಎಂಬ ಹೇಡಿ ಉಪಾಯ.

"ಹಾಗಾದ್ರೆ ಎಲ್ಲಿದೆ ಅದು?"

"ನಮ್ಮ ಮಾವ ಲರ್ಬಿ ಇಸ್ಕೊಂಡು ಹೋದ, ವಾರ ಆಯ್ತು. ಕೆಫೆಯಲ್ಲಿ ಹಕ್ಕಿಗಳಿಗೆ ಹಾಕ್ತಾರಂತೆ."

ಫೆಲ್ಲಾಗೆ ಆ ಜಾಗ ಗೊತ್ತಿತ್ತು. ಸೇತುವೆಯಾಚೆಯ ಆ ಕೆಫೆಯಲ್ಲಿ ಮುದುಕರು ಪಂಜರದ ಗೋಲ್ಡ್‌ಫಿಂಚ್‌ಗಳಿಗೆ ರಾಗ ಕಲಿಸುತ್ತಾರೆ. ಹಕ್ಕಿಯನ್ನು ನಡುವೆ ಬೆಚ್ಚಿಸಬಾರದೆಂದು ಟೇಪ್ ತಾನಾಗಿ ನಿಲ್ಲುವವರೆಗೂ ಯಾರೂ ಗುಂಡಿ ಮುಟ್ಟುವುದಿಲ್ಲ. ಆ ಮುದುಕರಲ್ಲಿ ಅರ್ಧ ಜನರ ಮೊಮ್ಮಕ್ಕಳು ಅವಳ ಕ್ಲಾಸಿನಲ್ಲಿದ್ದರು. ಟೀಚರ್ ದನಿ ಗುರುತು ಹಿಡಿಯಲು ಎಷ್ಟು ಹೊತ್ತು ಬೇಕು? ಒಬ್ಬ ಬಾಯಿಬಿಟ್ಟರೆ ನಾಳೆ ಚೀಟಿ ಬರುವುದು ತಮ್ಮ ಮನೆಯ ಬಾಗಿಲಿಗೆ.

"ಅದರ ಕೊನೇಲಿ ನನ್ನ ದನಿ ಇದೆ, ತೌಫೀಕ್. ನಿನಗೆ ಹೇಳಿದ್ದು. ನಿನ್ನ ಹೆಸರೂ ಹೇಳಿದೀನಿ."

ಅವನ ನಗು ಆರಿಹೋಯಿತು. ಬಿಳಿ ಕೋಟು ಕಳಚಿ, ಔಷಧಿ ಚೀಟಿ ಹಿಡಿದು ಬೆಂಚಿನಲ್ಲಿ ಕೂತಿದ್ದ ಅಜ್ಜಿಗೆ, "ಖಾಲ್ತಿ ವನಾಸಾ, ಸ್ವಲ್ಪ ಅಂಗಡಿ ನೋಡ್ಕೊ," ಎಂದವನೇ ಓಡಿದ.

ಹತ್ತು ನಿಮಿಷವಾಯಿತು. ಸೇತುವೆಯ ಕಡೆಯಿಂದ ಎರಡು ಸದ್ದು ಕೇಳಿದವು.

"ಟಯರ್ ಇರ್ಬೇಕು," ಎಂದಳು ವನಾಸಾ. ಗುಂಡಿನ ಸದ್ದು ಕೇಳಿದಾಗಲೆಲ್ಲ ಆ ವರ್ಷ ಎಲ್ಲರೂ ಹಾಗೇ ಹೇಳುತ್ತಿದ್ದರು.

ಫೆಲ್ಲಾ ಬಾಗಿಲಿಗೆ ಹೋಗಿ ನಿಂತಳು. ಕ್ಯಾಸೆಟ್ ಹಾಳಾಗಲಿ, ಮರ್ಯಾದೆ ಹಾಳಾಗಲಿ, ಊರೆಲ್ಲ ಕೇಳಲಿ, ಅವನೊಬ್ಬ ತಿರುಗಿ ಬಂದರೆ ಸಾಕು. ತಾನೇ ಅಲ್ಲವೇ ಅವನನ್ನು ಕಳಿಸಿದ್ದು.

"ಕೂತ್ಕೊ ಮಗಳೇ. ನೀನು ನಿಂತ್ರೆ ಅವನು ಬೇಗ ಬರ್ತಾನಾ?"

ಅರ್ಧ ಗಂಟೆಯ ಮೇಲೆ ಅವನು ಬಂದ. ಮುಖ ಬಿಳಿಚಿಕೊಂಡಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಸೇತುವೆ ಮುಚ್ಚಿದ್ರು, ಕೆಳಗಿನ ದಾರೀಲಿ ಬಂದೆ. ನನಗೇನೂ ಆಗಿಲ್ಲ, ಹಾಗೆ ನೋಡ್ಬೇಡ." ಕ್ಯಾಸೆಟ್ಟನ್ನು ಅವಳ ಕೈಗಿಟ್ಟ. "ನನ್ನನ್ನ ಕಂಡದ್ದೇ ಹನ್ನೊಂದು ಜನ ಮುದುಕರೂ ಎದ್ದು ನಿಂತ್ರು. ‘ಬಂದ್ಯೇನಪ್ಪಾ, ಒಂದು ವಾರದಿಂದ ನಿನ್ನನ್ನೇ ಕಾಯ್ತಿದೀವಿ’ ಅಂದ್ರು. ನಿನ್ನ ಮಾತು ಎಲ್ಲರಿಗೂ ಬಾಯಿಪಾಠ, ಕೇಳದ ದಡ್ಡ ನಾನೊಬ್ಬನೇ."

"ನನ್ನ ಹೆಸರು..."

"ಯಾರೂ ಎತ್ತಲಿಲ್ಲ. ‘ದನಿ ಯಾರದು ಅಂತ ನಮಗೆ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ’ ಅಂದ ಲರ್ಬಿ. ಆ ಎರಡು ನಿಮಿಷಾನ ಅಲ್ಲೇ ಅವರ ಮುಂದೇ ಅಳಿಸಿದೆ."

ಅವಳಿಗೆ ಉಸಿರು ಬಂತು. ಆಮೇಲೆ ನಾಚಿಕೆ ಬಂತು. "ಕೇಳಿದ್ಯಾ?"

"ಇಲ್ಲ."

"ಕೇಳದೇ ಅಳಿಸಿದ್ಯಾ?"

"ನನಗೊಬ್ಬನಿಗೆ ಹೇಳಿದ್ದಲ್ವಾ? ಹನ್ನೊಂದು ಜನರ ಜೊತೆ ನಿಂತು ಹೇಗೆ ಕೇಳ್ಲಿ?" ಅವನು ಅವಳತ್ತ ಬಾಗಿದ. "ಇನ್ನೊಂದ್ಸಲ ಹೇಳು. ಇಷ್ಟ ಇಲ್ಲದಿದ್ರೆ ಬೇಡ. ನಾಳೆಯೂ ಮಾತ್ರೆ ಕೊಡ್ತೀನಿ, ಕ್ಯಾಸೆಟ್ಟೂ ಕೊಡ್ತೀನಿ."

ಟೇಪಿಗೆ ಹೇಳುವಾಗ ಅವಳು ಕಂಬಳಿ ಹೊದ್ದು ಪಿಸುಗುಟ್ಟಿದ್ದಳು. ಇಲ್ಲಿ ಬಾಗಿಲು ತೆರೆದಿತ್ತು, ಬೀದಿಯಲ್ಲಿ ಸೈನಿಕರ ಜೀಪು ಹೋಗುತ್ತಿತ್ತು, ಬೆಂಚಿನ ಮೇಲೆ ಅಜ್ಜಿ ಕಣ್ಣರಳಿಸಿ ಕೂತಿದ್ದಳು.

"ನಂಗೆ ನೀನು ಬೇಕು, ತೌಫೀಕ್," ಎಂದಳು. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ದಿನಾ ಭಯ ಆಗತ್ತೆ ನಂಗೆ. ನಿನ್ನ ಜೊತೆ ಇದ್ದು ಭಯಪಡ್ತೀನಿ."

ಅವನು ಕೌಂಟರಿನ ಮೇಲಿದ್ದ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಹೂಂ ಅನ್ನೋ, ಕತ್ತೆ!" ಎಂದಳು ವನಾಸಾ.

"ಹೂಂ," ಎಂದ ತೌಫೀಕ್, ಕಣ್ಣು ಒರೆಸಿಕೊಳ್ಳುತ್ತ.